ಹೊನ್ನೆಮರಡಿನ ದಂಡೆಯಲ್ಲಿ ಎಲ್ಲರಿಗೂ ಒಂದೇ ಪಂಕ್ತಿ

ಬೆಂಗಳೂರಿನಿಂದ ಹೊರಡುವ ರಾತ್ರಿ ರೈಲು ಬೆಳಿಗ್ಗೆ ಹಳಿ ಮುಗಿಯುವ ಊರಾದ ತಾಳಗುಪ್ಪಕ್ಕೆ ತಂದು ಬಿಡುತ್ತದೆ. ಅಲ್ಲಿಂದ ಕಾಡುದಾರಿಯಲ್ಲಿ ಹೊನ್ನೆಮರಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಿಂದಕ್ಕೆ ಹರಡಿಕೊಂಡ ಶರಾವತಿ ಇಲ್ಲಿ ಗುಡ್ಡದ ನೆತ್ತಿಗಳನ್ನೆಲ್ಲ ನಡುಗಡ್ಡೆ ಮಾಡಿದೆ. ಜನವರಿಯಲ್ಲಿ ನೀರು ಇನ್ನೂ ತುಂಬಿಕೊಂಡಿರುತ್ತದೆ, ಚಳಿಯೂ ಹಿತವಾಗಿರುತ್ತದೆ. ತಂಡದಲ್ಲಿದ್ದವರು ಇಪ್ಪತ್ತೆರಡು ಜನ. ಒಬ್ಬ ಹುಡುಗನಿಗೆ ಶೇಂಗಾ ಅಲರ್ಜಿ, ಒಬ್ಬರಿಗೆ ಸೀಲಿಯಾಕ್ (ಗೋಧಿಯಂಥ ಧಾನ್ಯದಲ್ಲಿರುವ ಗ್ಲೂಟನ್ ಎಂಬ ಪ್ರೋಟೀನು ಆಗದ ಕಾಯಿಲೆ), ಇಬ್ಬರಿಗೆ ಹಾಲು ಆಗದು, ಜೈನ ದಂಪತಿ ಇದ್ದರು, ಇನ್ಸುಲಿನ್ ತೆಗೆದುಕೊಳ್ಳುವವರು ಒಬ್ಬರು.

ಇಂಥ ತಂಡಕ್ಕೆ ಐದು ಬಗೆಯ ಅಡುಗೆ ಮಾಡಲು ಹೊರಟರೆ ಎಡವುವುದು ಖಂಡಿತ. ಪಾತ್ರೆ ಹೆಚ್ಚಿದಷ್ಟೂ ಸೌಟು ಅದಲುಬದಲಾಗುತ್ತದೆ. ಎಲ್ಲರೂ ಉಣ್ಣಬಹುದಾದ ಒಂದೇ ಅಡುಗೆ ಮಾಡುವುದೇ ಕ್ಷೇಮ, ಮತ್ತು ಮಲೆನಾಡಿನಲ್ಲಿ ಅದಕ್ಕೆ ಕಷ್ಟಪಡಬೇಕಿಲ್ಲ. ಇಲ್ಲಿನ ಹವ್ಯಕರ ಅಡುಗೆಯಲ್ಲಿ ಅಕ್ಕಿ, ತೆಂಗು, ಹುಳಿಯದೇ ಕಾರುಬಾರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆಯೂ ರುಚಿ ಕಟ್ಟುವುದು ಅವರಿಗೆ ಗೊತ್ತು.

ತಯಾರಿ ಶುರುವಾಗುವುದು ಹೊರಡುವ ಎರಡು ವಾರ ಮೊದಲೇ. 'ಊಟದಲ್ಲಿ ಏನಾದರೂ ಪಥ್ಯ ಇದೆಯೇ' ಎಂದು ಕೇಳಿದರೆ ಅರ್ಧ ಉತ್ತರ ಬರುತ್ತದೆ. ಯಾವ ಪದಾರ್ಥ, ಎಷ್ಟು ತಿಂದರೆ, ಎಷ್ಟು ಹೊತ್ತಿಗೆ, ಏನಾಗುತ್ತದೆ ಎಂದು ಒಬ್ಬೊಬ್ಬರನ್ನೂ ಫೋನಿನಲ್ಲೇ ಕೇಳಬೇಕು. ಹಾಲು ಆಗದು ಎಂದ ಇಬ್ಬರಲ್ಲಿ ಒಬ್ಬರಿಗೆ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ; ಮಜ್ಜಿಗೆ ಅವರಿಗೆ ನಡೆಯುತ್ತದೆ. ಇನ್ನೊಬ್ಬರಿಗೆ ಹಾಲಿನ ಪ್ರೋಟೀನಿನ ಅಲರ್ಜಿ, ಒಂದು ಚಮಚ ತುಪ್ಪವೂ ಕೂಡದು. ಆದ್ದರಿಂದ ಒಗ್ಗರಣೆಗೆ ಕೊಬ್ಬರಿ ಎಣ್ಣೆ. ಮಜ್ಜಿಗೆ ಬಡಿಸಿದ್ದು ಊಟ ಮುಗಿದ ಮೇಲೆ, ಬೇರೆ ಕಡೆ, ಬೇಕಾದವರಿಗೆ ಮಾತ್ರ.

ಗೋಧಿಯದು ಇನ್ನೂ ಸೂಕ್ಷ್ಮ. ಅಂಗಡಿಯ ಇಂಗು ಬಹುಪಾಲು ಮೈದಾ ಅಥವಾ ಗೋಧಿಹಿಟ್ಟು ಬೆರೆಸಿ ಮಾಡಿದ್ದು. ಸಾರಿಗೆ ಹಾಕಿದ ಒಂದು ಚಿಟಿಕೆ ಇಡೀ ಪಾತ್ರೆಯನ್ನು ಕೆಡಿಸುತ್ತದೆ. ರಾಗಿಹಿಟ್ಟು, ಜೋಳದ ಹಿಟ್ಟು ಎಂದು ನಂಬಿ ಒಯ್ದರೂ ಗಿರಣಿಯಲ್ಲಿ ಅದಕ್ಕೆ ಮುಂಚೆ ಬೀಸಿದ್ದು ಗೋಧಿಯಾಗಿದ್ದರೆ ಕಲ್ಲಿನ ಸಂದಿಯಲ್ಲಿದ್ದ ಹಿಟ್ಟು ಇದಕ್ಕೆ ಸೇರಿರುತ್ತದೆ. ಹಾಗಾಗಿ ಅಕ್ಕಿಯನ್ನು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಒಯ್ಯುವುದು, ಇಲ್ಲವೇ 'ಗ್ಲೂಟನ್ ರಹಿತ' ಎಂದು ಮುದ್ರಿಸಿದ ಪ್ಯಾಕೆಟ್ ಕೊಳ್ಳುವುದು. ನಮ್ಮ ದೇಶದ ನಿಯಮದಲ್ಲಿ ಆ ಮಾತಿಗೆ ಅಳತೆ ಇದೆ: ಗ್ಲೂಟನ್ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಚಪಾತಿ ಸುಟ್ಟ ಹಳೇ ಕಾವಲಿ, ಮರದ ಸೌಟು ಮನೆಯಲ್ಲೇ ಉಳಿಯಲಿ. ಶಿಬಿರಕ್ಕೆ ಗೋಧಿಹಿಟ್ಟು, ರವೆ, ಶಾವಿಗೆ ಬರಲೇ ಇಲ್ಲ.

ಪ್ಯಾಕೆಟ್ ಮೇಲಿನ ಅಲರ್ಜಿ ಸೂಚನೆಯಲ್ಲಿ ಗ್ಲೂಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಯಂಥವು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ ಕಡ್ಡಾಯ. ಎಳ್ಳು ಆ ಪಟ್ಟಿಯಲ್ಲಿಲ್ಲ, ಎಳ್ಳಿನ ಅಲರ್ಜಿ ಇದ್ದವರು ಪದಾರ್ಥಗಳ ಸಾಲನ್ನು ಪೂರ್ತಿ ಓದಲೇಬೇಕು. ತೂಕದ ಲೆಕ್ಕದಲ್ಲಿ ಮಾರುವ ಹುರಿಗಡಲೆಯ ಗೋಣಿ ಅಂಗಡಿಯಲ್ಲಿ ಶೇಂಗಾ ಗೋಣಿಯ ಪಕ್ಕದಲ್ಲೇ ಇರುತ್ತದೆ, ಅಳೆಯುವ ಪಾವೂ ಒಂದೇ. ಅದನ್ನು ಬಿಟ್ಟುಬಿಡುವುದೇ ಲೇಸು.

ಅಡುಗೆಯವರು ಎಷ್ಟೇ ಎಚ್ಚರ ವಹಿಸಿದರೂ ಅಪಾಯ ನುಸುಳುವುದು ಬೇರೆಯವರ ಚೀಲದಿಂದ. ಚಿಕ್ಕಿ, ಚಟ್ನಿಪುಡಿ, ಮಿಕ್ಸ್ಚರ್ ಯಾರೂ ತರಬಾರದೆಂದು ಹೊರಡುವ ಮುನ್ನವೇ ಕಾರಣ ಸಮೇತ ತಿಳಿಸಬೇಕು. ಕಾರಣ ಗೊತ್ತಿಲ್ಲದವರು ರೈಲಿನಲ್ಲಿ ಬರುವ ಹುರಿದ ಶೇಂಗಾ ಪೊಟ್ಟಣ ಕೊಂಡೇ ಕೊಳ್ಳುತ್ತಾರೆ. ಸ್ಯಾನಿಟೈಸರ್ ಹಚ್ಚಿಕೊಂಡರೆ ಕೈಯಲ್ಲಿನ ಶೇಂಗಾ ಪ್ರೋಟೀನು ಹೋಗುವುದಿಲ್ಲ, ಬರೀ ನೀರಿಗೂ ಸರಿಯಾಗಿ ಹೋಗದು. ಸೋಪು ಬೇಕು. ಟೆಂಟುಗಳಿಂದ ಪಂಕ್ತಿಗೆ ಬರುವ ದಾರಿಯಲ್ಲೇ ನಲ್ಲಿ ಇರುವ 20 ಲೀಟರ್ ಕ್ಯಾನು, ಪಕ್ಕದಲ್ಲಿ ಸೋಪು ಇಟ್ಟರೆ ಯಾರನ್ನೂ ಒತ್ತಾಯಿಸಬೇಕಿಲ್ಲ.

ಮಧ್ಯಾಹ್ನಕ್ಕೆ ಅನ್ನ, ತೊವ್ವೆ, ಮುರುಗಲು (ಕೋಕಂ) ಸಾರು, ಸೌತೆಕಾಯಿ ಪಲ್ಯ. ತಲೆಗೆ ನೂರು ಗ್ರಾಂ ಅಕ್ಕಿ, ಐವತ್ತು ಗ್ರಾಂ ತೊಗರಿಬೇಳೆ: ಇಪ್ಪತ್ತೆರಡು ಜನಕ್ಕೆ 2.2 ಕಿಲೋ ಮತ್ತು 1.1 ಕಿಲೋ. ಸಾರಿಗೆ ಲೀಟರಿಗೆ ಹತ್ತು ಹನ್ನೆರಡು ಒಣ ಮುರುಗಲು ಸಿಪ್ಪೆ, ಬೆಲ್ಲ, ಮೆಣಸಿನಪುಡಿ, ಜೀರಿಗೆ ಕರಿಬೇವಿನ ಒಗ್ಗರಣೆ. ಇಂಗಿಲ್ಲದ ಕೊರತೆ ಜೀರಿಗೆಯಲ್ಲಿ ತುಂಬಿಹೋಗುತ್ತದೆ. ಜೈನರು ಗಡ್ಡೆಗೆಣಸು ತಿನ್ನುವುದಿಲ್ಲ, ಹಸಿಶುಂಠಿಯೂ ಅದರಲ್ಲೇ ಸೇರಿತು. ಒಣಶುಂಠಿ ನಡೆಯುತ್ತದೆ ಎಂದು ಅವರೇ ಹೇಳಿದ್ದರು. ಅವರದು ಸೂರ್ಯಾಸ್ತದ ಒಳಗಿನ ಊಟ. ಜನವರಿಯಲ್ಲಿ ಇಲ್ಲಿ ಆರೂವರೆಯೊಳಗೆ ಹೊತ್ತು ಮುಳುಗುತ್ತದೆ, ಹಾಗಾಗಿ ಐದೂವರೆಗೇ ಎಲ್ಲರಿಗೂ ಎಲೆ ಹಾಕಿದೆವು. ಬೆಳಕಿರುವಾಗಲೇ ಪಾತ್ರೆ ತೊಳೆದು ಮುಗಿಯುತ್ತದೆ, ಇದು ಎಲ್ಲ ಶಿಬಿರಗಳಿಗೂ ಒಳ್ಳೆಯ ಕ್ರಮ.

ಬಾಳೆಲೆಗಿಂತ ಸುರಕ್ಷಿತ ತಟ್ಟೆ ಇಲ್ಲ. ಹಿಂದಿನ ಊಟದ ಜಿಡ್ಡಿಲ್ಲ, ಎಲ್ಲರೂ ಬಳಸಿದ ಸ್ಕ್ರಬ್ಬರಿನ ಸೋಂಕಿಲ್ಲ. ಆದರೆ ಬಡಿಸುವ ಕ್ರಮ ಮುಖ್ಯ. ಅಲರ್ಜಿ ಇರುವವರು ಪಂಕ್ತಿಯ ಮೊದಲಿಗೆ ಕೂರುತ್ತಾರೆ, ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಮೊದಲ ಸೌಟು ಅವರ ಎಲೆಗೆ. ಸೌಟಿನ ತುದಿ ಎಲೆಗೆ ತಾಗಬಾರದು, ನಾಲ್ಕು ಬೆರಳು ಮೇಲಿಂದ ಬಿಡಬೇಕು. ಒಂದು ಪಾತ್ರೆಗೆ ಒಂದೇ ಸೌಟು, ಹಿಡಿಗೆ ಬಣ್ಣದ ದಾರ.

ಮರುದಿನ ಕಯಾಕ್ ಹತ್ತುವ ಮೊದಲು ಇನ್ಸುಲಿನ್‌ನವರ ಲೈಫ್ ಜಾಕೆಟ್ಟಿಗೆ ಸಕ್ಕರೆಯ ಜಲನಿರೋಧಕ ಚೀಲ ಕಟ್ಟಿದೆವು. ಹುಟ್ಟು ಹಾಕಿದರೆ ರಕ್ತದಲ್ಲಿನ ಸಕ್ಕರೆ ಬೇಗ ಇಳಿಯುತ್ತದೆ, ಗಾಳಿ ಎದುರಾದರೆ ದಂಡೆ ಸೇರುವುದೂ ಊಟವೂ ತಡ. ನಡುಕ, ಬೆವರು ಕಂಡರೆ ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷೆ.

ಹುಡುಗನ ಔಷಧಿಯ ಡಬ್ಬಿ ಎಲ್ಲಿದೆ ಎಂದು ಹಿರಿಯರೆಲ್ಲರಿಗೂ ಗೊತ್ತಿತ್ತು. ತೀವ್ರ ಅಲರ್ಜಿಗೆ ಕೊಡುವ ಔಷಧಿ ಅಡ್ರಿನಲಿನ್; ಅದನ್ನು ತಾನಾಗಿ ಚುಚ್ಚುವ ಪೆನ್ನು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಸಿಗುವುದು 1 ಮಿ.ಲೀ.ನಲ್ಲಿ 1 ಮಿಲಿಗ್ರಾಂ ಇರುವ ಆಂಪೂಲ್, ಅಂದರೆ ಗಾಜಿನ ಪುಟ್ಟ ಸೀಸೆ. ತೂಕದ ಕಿಲೋಗೆ 0.01 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ 25 ಕಿಲೋದ ಮಗುವಿಗೆ 0.25 ಮಿ.ಲೀ. ಈ ಪ್ರಮಾಣವನ್ನು ಮಗುವಿನ ವೈದ್ಯರಿಂದಲೇ ಬರೆಸಿಕೊಂಡು, 1 ಮಿ.ಲೀ. ಸಿರಿಂಜಿನ ಮೇಲೆ ಗೆರೆ ಹಾಕಿಸಿ, ಚುಚ್ಚುವುದನ್ನು ಅವರ ಎದುರೇ ಕಲಿತು ಬರಬೇಕು. ಉಸಿರು ಕಟ್ಟುವುದು, ದನಿ ಒಡೆಯುವುದು, ಮೈಮೇಲೆ ದದ್ದಿನ ಜೊತೆ ವಾಂತಿ ಕಂಡರೆ ತೊಡೆಯ ಹೊರಮಗ್ಗುಲಿನ ಮಧ್ಯಕ್ಕೆ ಕೂಡಲೇ ಚುಚ್ಚುವುದು. ಸೆಟಿರಿಜಿನ್ ಕೊಟ್ಟು ಕಾಯಬಾರದು, ಅದು ತುರಿಕೆಗೆ ಮಾತ್ರ. ಮಲಗಿಸಿ ಕಾಲು ಎತ್ತಿಡಿ, ಉಸಿರಾಟ ಕಷ್ಟವಾದರೆ ಕೂರಿಸಿ, ಎದ್ದು ನಡೆಸಬೇಡಿ. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು. ಹಿನ್ನೀರಿನ ದಂಡೆಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಂಡು 108ಕ್ಕೆ ಕಾಯುವಂತಿಲ್ಲ. ಒಂದು ಜೀಪು ರಾತ್ರಿಯೂ ಆಸ್ಪತ್ರೆಯಿರುವ ಸಾಗರ ಪಟ್ಟಣದ ಕಡೆ ಮುಖ ಮಾಡಿ ನಿಂತಿತ್ತು, ಚಾಲಕರೂ ಶಿಬಿರದಲ್ಲೇ ಮಲಗಿದ್ದರು. ಆಂಪೂಲನ್ನು ಮಾತ್ರ ಆ ಜೀಪಿನಲ್ಲಿ ಇಡಬಾರದು, ಬಿಸಿಲಿಗೆ ಕೆಡುತ್ತದೆ.

ಕೊನೆಯ ದಿನ ಕಡುಬು, ಕಾಯಿಚಟ್ನಿ ತಿಂದು ಟೆಂಟು ಮಡಚುವಾಗ ಖಾಲಿ ಪ್ಯಾಕೆಟ್‌ಗಳನ್ನು ಕಸದಲ್ಲಿ ಬೆರೆಸಲಿಲ್ಲ. ಅವನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ, ಎಲ್ಲರೂ ಮನೆ ತಲುಪಿದ ಮರುದಿನದವರೆಗೆ ಇಟ್ಟುಕೊಳ್ಳುವುದು. ಯಾರಿಗಾದರೂ ತಡವಾಗಿ ತೊಂದರೆ ಕಾಣಿಸಿದರೆ ವೈದ್ಯರು ಮೊದಲು ಕೇಳುವುದು ಏನು ತಿಂದಿರಿ ಎಂದೇ.