ಅಗೆಯುವ ಮುಂಚೆ ಹುಲ್ಲಿನ ಲೆಕ್ಕ

ಹುಲ್ಲನ್ನು ಸರಿಯಾಗಿ ಗುರುತಿಸಬೇಕಾದರೆ ಅದು ತೆನೆ ಬಿಟ್ಟಿರಬೇಕು. ಬರೀ ಎಲೆ ನೋಡಿ ಹೆಸರು ಹೇಳುವುದು ಪಳಗಿದವರಿಗೂ ಕಷ್ಟ. ಅದಕ್ಕೇ ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಈ ಕೆಲಸಕ್ಕೆ ಉತ್ತರೆ, ಹಸ್ತ ಮಳೆಗಳು ಬಂದು ಹೋದ ಹೊತ್ತೇ ಸರಿ. ಬೇಸಿಗೆಯಲ್ಲಿ ಹೋದರೆ ಕಾಣುವುದು ಕೆಂಪು ಕಲ್ಲು, ಒಣಗಿದ ಬುಡ ಅಷ್ಟೇ. ಆಗ ಬರೆದ ವರದಿಯಲ್ಲಿ "ಇಲ್ಲಿ ಹೇಳಿಕೊಳ್ಳುವಂಥ ಸಸ್ಯಗಳಿಲ್ಲ" ಅನ್ನುವ ಸಾಲು ಬಂದುಬಿಡುತ್ತದೆ. ಮುಂದೆ ಗಣಿ ಮುಗಿದ ಮೇಲೆ ಅಲ್ಲಿ ಏನೂ ಬೆಳೆಸದಿದ್ದರೂ ಕೇಳುವವರಿಲ್ಲ.

ನಾವು ಹೋಗಿದ್ದು ಸಂಡೂರು ತಾಲ್ಲೂಕಿನ ಒಂದು ಇಳಿಜಾರಿಗೆ. ಅಲ್ಲಿ ಕಬ್ಬಿಣದ ಅದಿರು ತೆಗೆಯುವ ಮಾತು ನಡೆದಿತ್ತು. ಅಗೆಯುವ ಮುಂಚೆ ಆ ನೆಲದ ಮೇಲೆ ಏನೇನಿದೆ, ಎಷ್ಟಿದೆ ಅಂತ ದಾಖಲು ಮಾಡುವುದು ನಮ್ಮ ಕೆಲಸ. ಎಣಿಸಲು ನೆಲದ ಮೇಲೆ ಚೌಕ ಗುರುತಿಸಿಕೊಳ್ಳುತ್ತೇವೆ: ಮರಗಳಿಗೆ ದೊಡ್ಡ ಚೌಕ, ಪೊದೆಗಳಿಗೆ ಅದಕ್ಕಿಂತ ಚಿಕ್ಕದು, ಹುಲ್ಲಿಗೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ. ಮರ ಎಣಿಸುವುದು ಬೇಗ ಮುಗಿಯುತ್ತದೆ. ಹುಲ್ಲಿನ ಮುಂದೆ ಮಂಡಿಯೂರಿ ಕೂರಬೇಕು.

ಪೈಪಿನ ಚೌಕಟ್ಟನ್ನು ನೆಲಕ್ಕೆ ಇಟ್ಟ ಮೇಲೆ ಗೊತ್ತಾಗುತ್ತದೆ, ದೂರದಿಂದ ಒಂದೇ ಬಣ್ಣವಾಗಿ ಕಂಡದ್ದು ಒಂದೇ ಹುಲ್ಲಲ್ಲ ಅಂತ. ಒಂದು ಮೂಲೆಯಲ್ಲಿ ಸೆಹಿಮಾ ಗುತ್ತಿ. ಮೇಯಲು ಒಳ್ಳೆಯ ಹುಲ್ಲು, ವರ್ಷವರ್ಷ ಅದೇ ಬುಡದಿಂದ ಚಿಗುರುತ್ತದೆ. ಅದರ ಪಕ್ಕ ತೆನೆಯ ಮುಳ್ಳುಗಳನ್ನು ಜಡೆಯಂತೆ ಹೆಣೆದುಕೊಂಡು ನಿಂತ ಹೆಟೆರೊಪೊಗಾನ್. ನಡುವೆ ನೆಲಕ್ಕಂಟಿಕೊಂಡು ಹಬ್ಬಿದ ಅಲಿಸಿಕಾರ್ಪಸ್. ಅದು ಅವರೆ, ಹೆಸರುಕಾಳಿನ ಕುಟುಂಬದ್ದು, ಮಣ್ಣಿಗೆ ಸಾರಜನಕ ಸೇರಿಸುವ ಗಿಡ. ಸವೆದ ಜಾಗದಲ್ಲಿ ಒಣಕಲು ಅರಿಸ್ಟಿಡಾ. ಮೇಯಿಸಿದ್ದು ಜಾಸ್ತಿಯಾದಷ್ಟೂ ಸೆಹಿಮಾ ಹಿಂದೆ ಸರಿದು ಹೆಟೆರೊಪೊಗಾನ್ ಬರುತ್ತದೆ, ಇನ್ನೂ ಹಾಳಾದರೆ ಅರಿಸ್ಟಿಡಾ. ನೆಲದ ಆರೋಗ್ಯ ಹೇಗಿದೆ ಅಂತ ಈ ಮೂರು ಹುಲ್ಲುಗಳ ಪಾಲು ನೋಡಿದರೆ ಸಾಕು, ಅರ್ಧ ತಿಳಿಯುತ್ತದೆ. ಆಮೇಲೆ ಚೌಕದೊಳಗಿನದನ್ನೆಲ್ಲ ಕತ್ತರಿಸಿ, ಜಾತಿವಾರು ಕಾಗದದ ಚೀಲಕ್ಕೆ ಹಾಕಿ, ಒಣಗಿಸಿ ತೂಗಬೇಕು.

ನಾವು ಕತ್ತರಿಸುತ್ತಿದ್ದಾಗ ಒಬ್ಬ ಹಿರಿಯರು ಕುರಿ ಹೊಡೆದುಕೊಂಡು ಅಲ್ಲಿಗೇ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಸ್ವಲ್ಪ ಹೊತ್ತು ನಿಂತು ನೋಡಿದರು.

"ಯಮ್ಮಾ, ಹೆಸ್ರು ಬರಕಂಡು ಏನ್ ಮಾಡ್ತೀರಿ? ಯಾವ್ದನ್ನ ಯಾವಾಗ ತಿಂತಾವು ಅಂತ ಬರಕೊಳ್ರಿ."

"ನೀವೇ ಹೇಳಿ ತಾತ" ಅಂತ ನೋಟ್‌ಬುಕ್‌ನ ಹೊಸ ಪುಟ ತೆಗೆದೆ.

ಅವರು ಒಂದು ಕುರಿಯನ್ನು ಹಿಡಿದು ಕುತ್ತಿಗೆಯ ಕೂದಲು ಬಿಡಿಸಿದರು. ಚರ್ಮ ಕೆಂಪಗಾಗಿತ್ತು. ಉಗುರಿನಿಂದ ಕಂದು ಬಣ್ಣದ ಒಂದು ಬೀಜ ಎಳೆದು ನನ್ನ ಅಂಗೈಗೆ ಹಾಕಿದರು. ಹೆಟೆರೊಪೊಗಾನ್ ಬೀಜ. ತುದಿ ಸೂಜಿಯಷ್ಟು ಚೂಪು. ಅದರ ಸುತ್ತ ಹಿಮ್ಮುಖವಾದ ರೋಮ, ಹಿಂದೆ ಉದ್ದನೆಯ ಬಾಲ. ಅದಕ್ಕೆ ಒಂದು ಹನಿ ನೀರು ಬಿಟ್ಟೆ. ಬಾಲ ನಿಧಾನವಾಗಿ ಹೊರಳತೊಡಗಿತು. ಮಣ್ಣಿನಲ್ಲಿ ಬಿದ್ದರೆ ಹೀಗೇ ಹೊರಳುತ್ತಾ ಒಳಗಿಳಿದು ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ಕುರಿಯ ಮೈಗೆ ಸಿಕ್ಕಿದರೆ ಚರ್ಮಕ್ಕೆ ಇಳಿಯುತ್ತದೆ.

"ಎಳೇದಿದ್ದಾಗ ಇದನ್ನ ಬಿಡಂಗೇ ಇಲ್ಲ. ತೆನಿ ಬಲಿತ ಮ್ಯಾಲೆ ನಾವೇ ಈ ಕಡಿ ಬರಂಗಿಲ್ಲ. ಇವತ್ತು ನೀರಿಗೆ ಹೋಗೋ ದಾರಿ ಅಂತ ಬಂದ್ವಿ" ಅಂದರು.

ನಿಂಬೆ ವಾಸನೆಯ ಎತ್ತರದ ಹುಲ್ಲನ್ನು ಕುರಿಗಳು ಮೂಸಿ ಬಿಡುತ್ತವಂತೆ. ತಂಗಡಿ, ಬಂದರಿಕೆ ಪೊದೆಗಳಿಗೂ ಬಾಯಿ ಹಾಕುವುದಿಲ್ಲ. ಅಲಿಸಿಕಾರ್ಪಸ್ ಕಂಡರೆ ಮಾತ್ರ ಮಂದೆಯೇ ನಿಂತುಬಿಡುತ್ತದೆ. ನಮ್ಮ ತಕ್ಕಡಿಯಲ್ಲಿ ಅದು ತೀರಾ ಹಗುರ. ತೂಕ ಮಾತ್ರ ನೋಡಿದ್ದರೆ ಅದು ಪಟ್ಟಿಯ ತಳದಲ್ಲೇ ಉಳಿಯುತ್ತಿತ್ತು. ಅವತ್ತಿನಿಂದ ನಮ್ಮ ಪಟ್ಟಿಗೆ ಒಂದು ಕಾಲಂ ಜಾಸ್ತಿಯಾಯಿತು: ತಿನ್ನುತ್ತವೋ ಇಲ್ಲವೋ, ತಿಂದರೆ ಯಾವ ಮಳೆಯಿಂದ ಯಾವ ಮಳೆಯವರೆಗೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಗಣಿ ಕೆಲಸ ನಿಲ್ಲಿಸಿದ ಮೇಲೆ ಗುತ್ತಿಗೆದಾರರು ಆ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡಮರ, ಪ್ರಾಣಿಗಳಿಗೆ ತಕ್ಕ ನೆಲವಾಗಿ ಮಾಡಿಕೊಡಬೇಕು ಅನ್ನುವುದನ್ನು ಗುತ್ತಿಗೆಯ ಷರತ್ತಾಗಿಸಬೇಕು ಅಂತ. ಬಳ್ಳಾರಿಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? 2011ರಲ್ಲಿ ಇಲ್ಲಿನ ಗಣಿಗಾರಿಕೆಯನ್ನೇ ಇದೇ ಕೋರ್ಟ್ ನಿಲ್ಲಿಸಬೇಕಾಗಿ ಬಂತು. ಆಮೇಲೆ ಒಂದೊಂದು ಗಣಿಗೂ ಪುನಶ್ಚೇತನದ ಯೋಜನೆ ಮಾಡಿಸಿತು. ಆದರೆ ಮೊದಲು ಏನಿತ್ತು ಅನ್ನುವ ಲೆಕ್ಕವೇ ಇಲ್ಲದಿದ್ದರೆ ಏನು ಬೆಳೆದರೂ ಹಸಿರೇ. ನಾವು ಕೂತಿದ್ದ ಇಳಿಜಾರಿನಿಂದ ಎದುರಿನ ಹಳೆಯ ಮಣ್ಣಿನ ರಾಶಿ ಕಾಣುತ್ತಿತ್ತು. ಅದೂ ಹಸಿರಾಗಿತ್ತು. ಹತ್ತಿರ ಹೋದರೆ ಮುಕ್ಕಾಲು ಪಾಲು ಬಳ್ಳಾರಿ ಜಾಲಿ.

"ಅದರ ಕಾಯಿ ತಿಂತಾವು, ಎಲಿ ಮುಟ್ಟಂಗಿಲ್ಲ. ಕೆಳಗ ಹುಲ್ಲೂ ಹುಟ್ಟಂಗಿಲ್ಲ" ಅಂತ ತಾತ ಹೇಳಿದ್ದರು. ಹುಲ್ಲುಗಾವಲು ಇದ್ದ ಕಡೆ ಜಾಲಿ ಕಾಡು ಎಬ್ಬಿಸಿ, ನೆಲ ಸರಿಮಾಡಿದೆವು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕುರಿ ಸಾಕುವವರ ಮಟ್ಟಿಗೆ ಅದು ಕಳೆದುಹೋದ ನೆಲವೇ.

ಈಗಿನ ಕಾನೂನಿನಲ್ಲಿ ಇಂಥ ಗಣಿ ಗುತ್ತಿಗೆ 50 ವರ್ಷದ್ದು. ಗಣಿ ಮುಚ್ಚುವ ಹೊತ್ತಿಗೆ ಆ ತಾತನೂ ಇರುವುದಿಲ್ಲ, ಇವತ್ತು ಚೌಕಟ್ಟು ಹಿಡಿದ ನಮ್ಮಲ್ಲೂ ಯಾರೂ ಕೆಲಸದಲ್ಲಿ ಇರುವುದಿಲ್ಲ. ಉಳಿಯುವುದು ಕಾಗದ ಮಾತ್ರ. ಹಾಗಾಗಿ ವರದಿಯಲ್ಲಿ ಗಿಡಗಳ ಪಟ್ಟಿಯ ಜೊತೆಗೆ ಮಾಡಬೇಕಾದ ಕೆಲಸವನ್ನೂ ಬಿಡಿಸಿ ಬರೆದೆವು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಡಬೇಕು. ಬೀಜ, ಬೇರು, ಸೂಕ್ಷ್ಮಜೀವಿ ಇರುವುದೆಲ್ಲ ಆ ತೆಳು ಪದರದಲ್ಲೇ. ಎತ್ತರದ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಅದು ಸತ್ತ ಮಣ್ಣಾಗುತ್ತದೆ, ಅದಕ್ಕೆ ತಗ್ಗಾಗಿ ಹರವಿ, ಮೇಲೆ ಹುಲ್ಲು ಬೆಳೆಸಿಟ್ಟು, ಆದಷ್ಟು ಬೇಗ ಬಳಸಬೇಕು. ಸೆಹಿಮಾ, ಅಲಿಸಿಕಾರ್ಪಸ್ ಬೀಜವನ್ನು ಇದೇ ಗುಡ್ಡಗಳಿಂದ, ಉದುರುವ ಮುಂಚೆ ಕೂಡಿಸಬೇಕು. ಕಡಿದಾದ ಇಳಿಜಾರಿಗೆ ಹೆಟೆರೊಪೊಗಾನ್ ಇರಲಿ, ಮಣ್ಣು ಹಿಡಿಯುತ್ತದೆ, ಆದರೆ ಕುರಿ ಓಡಾಡುವ ದಾರಿಯಲ್ಲಿ ಬೇಡ. ಪಕ್ಕದಲ್ಲೇ ಇಂಥದೇ ಒಂದು ತುಂಡು ನೆಲವನ್ನು ಅಗೆಯದೆ ಉಳಿಸಿಕೊಳ್ಳಬೇಕು, ಮುಂದೆ ಹೋಲಿಸಿ ನೋಡುವುದಕ್ಕೆ. ಅಳೆಯಲು ಬರುವವರು ಬೇಸಿಗೆಯಲ್ಲಿ ಬರದೆ ಹಸ್ತ ಮಳೆಯ ಹಿಂದೆಯೇ ಬರಬೇಕು, ಆ ಊರಿನಲ್ಲಿ ಕುರಿ ಕಾಯುವವರೊಬ್ಬರನ್ನು ಜೊತೆಗೆ ಕರೆದುಕೊಂಡು.