ನಾಲ್ಕರಲ್ಲಿ ಮಾತ್ರ ತಿರುಗುತ್ತಿದ್ದ ಫ್ಯಾನು

ಆಷಾಢದ ಒಂದು ಸಂಜೆ. ಮಂಗಳೂರಿನಲ್ಲಿ ಅಮ್ಮನ ಕಣ್ಣು ತೋರಿಸಿಕೊಂಡು ಮೂಡಿಗೆರೆ ಕಡೆ ವಾಪಸ್ ಬರುತ್ತಿದ್ದೆವು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ಜೋರು ಮಳೆ. ಅರ್ಧ ಘಾಟಿಯಲ್ಲಿ ಕಾರಿನ ಬ್ಲೋವರ್, ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ಗಾಳಿ ಫ್ಯಾನಿನ, ಸದ್ದು ಒಮ್ಮೆಲೇ ನಿಂತಿತು.

ಎರಡೇ ನಿಮಿಷಕ್ಕೆ ಮುಂದಿನ ಗ್ಲಾಸು ಒಳಗಿನಿಂದ ಬೆಳ್ಳಗಾಯಿತು. ಹೊರಗೆ ಮಂಜು, ಒಳಗೆ ನಮ್ಮಿಬ್ಬರ ಉಸಿರು. ಆಸ್ಪತ್ರೆಯಲ್ಲಿ ಹಾಕಿದ ಡ್ರಾಪ್ಸ್‌ನಿಂದ ಅಮ್ಮನಿಗೆ ಇನ್ನೂ ಎಲ್ಲವೂ ಮಸುಕು. ಆದರೂ ಟವೆಲ್ ಹಿಡಿದು ನನ್ನ ಮುಂದಿನ ಗ್ಲಾಸನ್ನು ಒರೆಸುತ್ತಲೇ ಇದ್ದರು. ಎರಡೂ ಕಡೆ ಕಿಟಕಿ ಎರಡೆರಡು ಇಂಚು ಇಳಿಸಿದೆ. ಮಳೆ ಒಳಗೆ ಬಂತು, ಆದರೆ ಗ್ಲಾಸು ಸ್ವಲ್ಪ ತಿಳಿಯಾಯಿತು. ಎದುರಿಂದ ಬಸ್ಸಿನ ಲೈಟು ಬಿದ್ದಾಗಲೆಲ್ಲ ಏನೂ ಕಾಣದೆ ನಿಂತುಬಿಡುತ್ತಿದ್ದೆ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಸ್ವಲ್ಪ ಹೊತ್ತು ನಿಂತು, ಮತ್ತೆ ನಿಧಾನಕ್ಕೆ ಹೊರಟು ಕೊಟ್ಟಿಗೆಹಾರ ಸೇರಿದೆವು.

ನಮ್ಮ ಕಡೆ ಹೀಟರ್ ಇರುವುದು ಚಳಿಗಲ್ಲ, ಗ್ಲಾಸಿಗೆ. ಎಂಜಿನ್ನಿನ ಬಿಸಿ ನೀರು ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ. ಆ ಬಿಸಿಯನ್ನು ಗ್ಲಾಸಿನ ತನಕ ತಳ್ಳುವುದು ಈ ಫ್ಯಾನು. ಎಸಿಗೂ ಇದೇ ಫ್ಯಾನು. ಇದೊಂದು ನಿಂತರೆ ಎರಡೂ ಇಲ್ಲ.

ಮಾರನೇ ದಿನ ಗ್ಯಾರೇಜಿಗೆ ಫೋನ್ ಮಾಡಿದೆ. ‘ಮೋಟಾರ್ ಹೋಗಿರುತ್ತೆ, ಹೊಸದು ಹಾಕಿಬಿಡೋಣ’ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ತೋಟದಲ್ಲಿ ಪಂಪ್‌ಸೆಟ್ ನಿಂತರೆ ನಾವು ಮೋಟಾರ್ ಬಿಚ್ಚುವ ಮೊದಲು ಫ್ಯೂಸು, ಸ್ಟಾರ್ಟರ್, ವೈರು ನೋಡುತ್ತೇವೆ, ಅಲ್ವಾ? ಇಲ್ಲಿಯೂ ಅಷ್ಟೇ.

ಜೊತೆಗೆ ಇನ್ನೊಂದು ವಿಷಯ ತಲೆಯಲ್ಲಿತ್ತು. ಅದಕ್ಕೂ ಎರಡು ವಾರದ ಮೊದಲಿನಿಂದ ವೇಗ ಬದಲಿಸುವ ನಾಬ್ ಒಂದು, ಎರಡು, ಮೂರಕ್ಕೆ ಇಟ್ಟರೆ ಫ್ಯಾನು ತಿರುಗುತ್ತಿರಲಿಲ್ಲ. ನಾಲ್ಕಕ್ಕಿಟ್ಟರೆ ಮಾತ್ರ ಜೋರಾಗಿ ತಿರುಗುತ್ತಿತ್ತು. ಇದು ರೆಸಿಸ್ಟರ್, ಅಂದರೆ ಕರೆಂಟನ್ನು ತಡೆದು ಫ್ಯಾನಿನ ವೇಗ ತಗ್ಗಿಸುವ ಭಾಗ, ಹೋಗಿರುವ ಗುರುತು. ಕಡಿಮೆ ವೇಗಗಳಿಗೆ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತದೆ. ನಾಲ್ಕಕ್ಕೆ ಅದನ್ನು ಬಿಟ್ಟು ನೇರ ಹೋಗುತ್ತದೆ. ಗೊತ್ತಿದ್ದೂ ಮಳೆ ಮುಗಿಯಲಿ ಎಂದು ಬಿಟ್ಟಿದ್ದೆ. ಅದು ತಪ್ಪು.

ಮೊದಲು ಫ್ಯೂಸ್ ನೋಡಿದೆ, ಸರಿ ಇತ್ತು. ಅಷ್ಟೇ ಸೈಜಿನ ಬೇರೆ ರಿಲೇ (ಕರೆಂಟಿನಿಂದಲೇ ಆನ್ ಆಗುವ ಸ್ವಿಚ್ಚು) ಹಾಕಿ ನೋಡಿದೆ, ವ್ಯತ್ಯಾಸ ಇಲ್ಲ. ಗ್ಲೋವ್ ಬಾಕ್ಸ್ ಕೆಳಗೆ ಮಲಗಿ ಮೋಟಾರಿನ ಕಪ್ಲರ್, ಅಂದರೆ ವೈರು ಸಿಕ್ಕಿಸುವ ಪ್ಲಗ್, ಬಿಚ್ಚಿದೆ. ಅಮ್ಮ ಡ್ರೈವರ್ ಸೀಟಿನಲ್ಲಿ ಕೂತು ಕೀ ಆನ್ ಮಾಡಿ, ನಾಬ್ ನಾಲ್ಕಕ್ಕೆ ತಿರುಗಿಸಿದರು. ಮಲ್ಟಿಮೀಟರ್ 12.3 ವೋಲ್ಟ್ ತೋರಿಸಿತು.

ಮೋಸ ಹೋಗುವುದು ಇಲ್ಲೇ. ಕಪ್ಲರ್‌ವರೆಗೆ ವೋಲ್ಟೇಜ್ ಇದೆ, ಫ್ಯಾನು ತಿರುಗುತ್ತಿಲ್ಲ, ಹಾಗಾದರೆ ಮೋಟಾರ್ ಹೋಗಿದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. ಭಾರ ಹಾಕಿ, ಅಂದರೆ ಕರೆಂಟು ಎಳೆಯುವಂಥದ್ದನ್ನು ಜೋಡಿಸಿ ನೋಡಬೇಕು. ಹಳೇ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ಇಟ್ಟುಕೊಂಡಿದ್ದೆ. ಅದನ್ನು ಅದೇ ಕಪ್ಲರಿಗೆ ಸಿಕ್ಕಿಸಿದೆ. ಬಲ್ಬು ಬೂದಿಯೊಳಗಿನ ಕೆಂಡದ ಹಾಗೆ ಮಂಕಾಗಿ ಕೆಂಪಾಯಿತು, ಅಷ್ಟೇ.

‘ಕರೆಂಟ್ ಬರ್ತಿದೆಯಾ ಮಗಾ?’ ಅಂದರು ಅಮ್ಮ.

‘ಬರ್ತಿದೆ ಅಮ್ಮ, ಆದ್ರೆ ದಾರೀಲಿ ಎಲ್ಲೋ ಸೋರ್‌ಹೋಗ್ತಿದೆ.’

ಮೋಟಾರನ್ನು ಹೊರಗೆ ತೆಗೆದು ನೇರ ಬ್ಯಾಟರಿಗೆ ಕೊಟ್ಟೆ. ಫ್ಯೂಸ್ ಇರುವ ವೈರಿನಲ್ಲೇ ಕೊಡಬೇಕು, ಮರೆಯಬೇಡಿ. ಕರಕರ ಸದ್ದಿನೊಂದಿಗೆ ತಿರುಗಿತು. ಅಂದರೆ ಮೋಟಾರ್ ಜೀವಂತ!

ಇನ್ನು ಉಳಿದದ್ದು ವೈರಿನ ದಾರಿ. ಬಲ್ಬು ಹಾಗೆಯೇ ಉರಿಯುತ್ತಿರಲಿ ಎಂದು ಬಿಟ್ಟು, ಕಪ್ಲರಿನ ಒಂದೊಂದು ವೈರಿಗೂ ಕಾರಿನ ಬಾಡಿಗೂ ಮಧ್ಯೆ ಅಳೆದೆ. ಒಂದರಲ್ಲಿ ಪೂರ್ತಿ 12 ಇತ್ತು, ಸರಿಯೇ. ಇನ್ನೊಂದು ಅರ್ತಿಂಗ್ ಕಡೆಯದು, ಸೊನ್ನೆ ಹತ್ತಿರ ಇರಬೇಕಿತ್ತು. 9 ವೋಲ್ಟ್ ಇತ್ತು, ಅಂದರೆ ತೊಂದರೆ ಈ ಕಡೆಯೇ. ನನ್ನ ಕಾರಿನಲ್ಲಿ ನಾಬ್ ಇರುವುದು ಅರ್ತಿಂಗ್ ಕಡೆಯೇ. ಡ್ಯಾಶ್ ಪ್ಯಾನೆಲ್ ಬಿಚ್ಚಿ ನಾಬಿನ ಹಿಂದಿನ ಕಪ್ಲರ್ ನೋಡಿದೆ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ನಾಲ್ಕನೇ ಪಿನ್ನು ಪೂರ್ತಿ ಕರಕಲು.

ಯಾಕೆ ಹೀಗಾಯಿತು ಎನ್ನುವುದು ಫ್ಯಾನಿನ ಗೂಡಿಗೆ ಕೈ ಹಾಕಿದಾಗ ತಿಳಿಯಿತು. ಎರಡು ಬೊಗಸೆ ಸಿಲ್ವರ್ ಓಕ್ ಎಲೆ! ನಮ್ಮ ಕಾರು ನಿಲ್ಲುವುದು ಮೆಣಸಿನ ಬಳ್ಳಿ ಹಬ್ಬಿಸಿದ ಓಕ್ ಮರಗಳ ಕೆಳಗೆ. ಬೇಸಿಗೆಯಿಡೀ ಉದುರಿದ ಎಲೆ ವೈಪರ್ ಕೆಳಗಿನ ಸಂದಿಯಿಂದ ಒಳಗಿಳಿದಿದೆ. ಈ ಹಳೇ ಮಾಡೆಲ್ಲಿಗೆ ತಡೆಯಲು ಫಿಲ್ಟರ್ ಇಲ್ಲ. ರೆಸಿಸ್ಟರನ್ನು ಗಾಳಿಯ ದಾರಿಯಲ್ಲೇ ಕೂರಿಸಿರುತ್ತಾರೆ. ಫ್ಯಾನಿನ ಗಾಳಿಯೇ ಅದನ್ನು ತಣ್ಣಗಿಡಬೇಕು. ಎಲೆ ತುಂಬಿ ಗಾಳಿ ಕಡಿಮೆಯಾಗಿ ಅದು ಕಾದಿದೆ, ಅದರೊಳಗಿನ, ಬಿಸಿ ಹೆಚ್ಚಾದರೆ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್ ಹೋಗಿದೆ. ಆಮೇಲೆ ಎರಡು ವಾರ ನಾನು ನಾಲ್ಕರಲ್ಲೇ ಓಡಿಸಿದೆ. ಹತ್ತಕ್ಕಿಂತ ಜಾಸ್ತಿ ಆಂಪಿಯರ್ ಆ ಒಂದೇ ಸಡಿಲ ಪಿನ್ನಿನ ಮೇಲೆ ಬಿತ್ತು.

ಹೊಸ ರೆಸಿಸ್ಟರ್ ತಂದೆ. ನಾಬಿನ ಕಪ್ಲರಿಗೆ ತುಂಡು ವೈರಿನ ಸಮೇತ ಹೊಸದು ಸಿಕ್ಕಿತು, ಒತ್ತಿ ಕ್ರಿಂಪ್ ಮಾಡಿದೆ. ನಾಬ್ ಕಡೆಯ ಪಿನ್ನೂ ಕರಗಿದ್ದರಿಂದ ಅದನ್ನೂ ಬದಲಿಸಿದೆ. ಒಂದು ಬದಲಿಸಿ ಇನ್ನೊಂದು ಬಿಟ್ಟರೆ ಹೊಸದೂ ಸುಡುತ್ತದೆ. ಥರ್ಮಲ್ ಫ್ಯೂಸಿಗೆ ಸುಮ್ನೆ ತಂತಿ ಹಾಕಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಅದರ ಪಕ್ಕದಲ್ಲೇ ಒಣ ಎಲೆ ಇರುತ್ತದೆ. ಫ್ಯೂಸ್ ದೊಡ್ಡದು ಹಾಕುವುದೂ ಹಾಗೆಯೇ, ಫ್ಯೂಸಿನ ಬದಲು ವೈರು ಸುಡುತ್ತದೆ.

ನಾಬ್ ಒಂದಕ್ಕೆ ತಿರುಗಿಸಿದಾಗ ಅಮ್ಮ ಗ್ಲಾಸಿನ ಹತ್ತಿರ ಕೈ ಹಿಡಿದು ‘ಹ್ಞಾಂ, ಬಂತು’ ಅಂದರು. ವೈಪರ್ ಕೆಳಗಿನ ಸಂದಿಗೆ ಸೊಳ್ಳೆ ಜಾಲರಿ ಕತ್ತರಿಸಿ ಕೂರಿಸಿದ್ದೇನೆ. ನಿನ್ನೆ ಗಾಳಿಮಳೆಯ ನಂತರ ಅದರ ಮೇಲಿಂದ ಒಂದು ಹಿಡಿ ಎಲೆ ತೆಗೆದೆ. ಮುಂದಿನ ವಾರ ಅಮ್ಮನಿಗೆ ಮತ್ತೆ ಚೆಕಪ್ ಇದೆ.