ಎಸ್‌ಪಿಆರ್ ಯಂತ್ರದ ಹುಡುಕಾಟ: ಎರಡು ಡೆಮೊ ಮುಗಿದವು

ನಮ್ಮ ಕಾಮನ್ ಲ್ಯಾಬಿಗೆ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಯಂತ್ರ ತರಿಸುವ ಕೆಲಸ ಕೊನೆಗೂ ಡೆಮೊ ಹಂತಕ್ಕೆ ಬಂದಿದೆ. ಎರಡು ಕಂಪನಿಯವರು ಬಂದು ಹೋದರು. ಮೂರನೆಯವರು ಇನ್ನೂ ಬರಬೇಕು.

ಈ ಯಂತ್ರ ಗೊತ್ತಿಲ್ಲದವರಿಗೆ ಎರಡು ಮಾತು. ಗಾಜಿನ ಚಿಪ್ಪಿನ (ಸೆನ್ಸರ್ ಚಿಪ್) ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ. ಕೆಳಗಿನಿಂದ ಬೆಳಕು ಬಿಟ್ಟರೆ ಒಂದು ಕೋನದಲ್ಲಿ ಅದು ವಾಪಸ್ ಬರುವುದೇ ಇಲ್ಲ ಅನ್ನುವಷ್ಟು ಕಡಿಮೆಯಾಗುತ್ತದೆ. ಚಿನ್ನದ ಮೇಲೆ ಏನಾದರೂ ಬಂದು ಕೂತರೆ ಆ ಕೋನ ಸರಿಯುತ್ತದೆ. ಒಂದು ಪ್ರೋಟೀನನ್ನು ಚಿಪ್ಪಿಗೆ ಅಂಟಿಸಿ, ಇನ್ನೊಂದನ್ನು ಮೇಲೆ ಹರಿಸಿದರೆ, ಎಷ್ಟು ಬೇಗ ಹಿಡಿಯಿತು, ಎಷ್ಟು ಹೊತ್ತಿಗೆ ಬಿಟ್ಟಿತು ಅನ್ನೋದು ಕಣ್ಣೆದುರೇ ಗೆರೆಯಾಗಿ ಬರುತ್ತದೆ. ಆ ಗೆರೆಯ ಅಳತೆ ಆರ್‌ಯು (ರೆಸ್ಪಾನ್ಸ್ ಯೂನಿಟ್). ಪ್ರೋಟೀನಾದರೆ 1 ಆರ್‌ಯು ಅಂದರೆ ಚದರ ಮಿಲಿಮೀಟರಿಗೆ ಸುಮಾರು 1 ಪಿಕೊಗ್ರಾಂ.

ಡೆಮೊಗೆ ಬರುವವರು ತಮ್ಮದೇ ಸ್ಯಾಂಪಲ್ ತರುತ್ತಾರೆ. ಅದರಲ್ಲಿ ಗೆರೆ ಚಂದ ಬಾರದೆ ಇನ್ನೇನು? ಹಾಗಾಗಿ ನಾವು ನಮ್ಮದನ್ನೇ ಇಟ್ಟಿದ್ದೆವು. ಮೊದಲನೆಯದು ಕಾರ್ಬಾನಿಕ್ ಅನ್‌ಹೈಡ್ರೇಸ್ 2 ಅನ್ನುವ ಪ್ರೋಟೀನ್, ಜೊತೆಗೆ ಅದಕ್ಕೆ ಅಂಟುವ ಸಿಬಿಎಸ್ ಅನ್ನುವ ಪುಟ್ಟ ಅಣು. ಪ್ರೋಟೀನಿನ ತೂಕ 29,000 ಡಾಲ್ಟನ್ (ಅಣುಗಳ ತೂಕದ ಅಳತೆ), ಸಿಬಿಎಸ್ ಬರೀ 201. ಚಿಪ್ಪಿನ ಮೇಲೆ 5,000 ಆರ್‌ಯು ಪ್ರೋಟೀನ್ ಕೂರಿಸಿದರೂ ಸಿಬಿಎಸ್‌ನಿಂದ ಸಿಗುವುದು ಹೆಚ್ಚೆಂದರೆ 35 ಆರ್‌ಯು. ತೊಳೆದರೆ ಒಂದೆರಡು ನಿಮಿಷದಲ್ಲಿ ತಾನೇ ಬಿಟ್ಟುಹೋಗುತ್ತದೆ, ಆಸಿಡ್ ಹಾಕಿ ಬಿಡಿಸಿ ಚಿಪ್ಪನ್ನು ರೀಜನರೇಟ್ ಮಾಡುವ ಗೋಜಿಲ್ಲ. ಯಂತ್ರದ ಯೋಗ್ಯತೆ ನೋಡೋಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗಲಿಕ್ಕಿಲ್ಲ.

ಇಲ್ಲೇ ಮೊದಲ ಯಂತ್ರದ ಬಣ್ಣ ಬಯಲಾಯಿತು. ಬೇಸ್‌ಲೈನ್ (ಏನೂ ಅಂಟದಿರುವಾಗಿನ ಗೆರೆ) ನಿಧಾನಕ್ಕೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಗಡಿಯಾರ ಇಟ್ಟುಕೊಂಡು ನೋಡಿದರೆ ಎಸಿ ಕಂಪ್ರೆಸರ್ ಆನ್ ಆಫ್ ಆಗುವ ಲೆಕ್ಕಕ್ಕೆ ಸರಿಯಾಗಿ ಕೂಡಿಬಂತು. ನೀರಿನ ಉಷ್ಣತೆ 1 ಡಿಗ್ರಿ ಬದಲಾದರೆ ಗೆರೆ ಸುಮಾರು 100 ಆರ್‌ಯು ಸರಿಯುತ್ತದೆ. 35 ಆರ್‌ಯು ಹುಡುಕುವವರಿಗೆ ಇದು ಸಣ್ಣ ವಿಷಯ ಅಲ್ಲ. ರೆಫರೆನ್ಸ್ ಚಾನೆಲ್ (ಪ್ರೋಟೀನ್ ಕೂರಿಸದ ಪಕ್ಕದ ಚಾನೆಲ್) ಕಳೆದರೆ ಬಹುಪಾಲು ಹೋಗುತ್ತದೆ ಅಂದರು ಕಂಪನಿಯವರು. ನಿಜ, ಹೋಯಿತು. ಆದರೆ ಉಳಿದ ಚೂರೂ ನನಗೆ ಜಾಸ್ತಿ ಅನ್ನಿಸಿತು. ಎರಡನೆಯ ಯಂತ್ರ ಅದೇ ಕೋಣೆಯಲ್ಲಿ, ಅದೇ ಎಸಿ ಕೆಳಗೆ ಅಲುಗಾಡಲಿಲ್ಲ. ಡಿಎಂಎಸ್‌ಒ (ಸಣ್ಣ ಅಣುಗಳನ್ನು ಕರಗಿಸುವ ದ್ರವ) ಇರುವ ಸ್ಯಾಂಪಲ್ಲುಗಳಲ್ಲಿ ಮಾತ್ರ ಎರಡೂ ಒಂದೇ. ಹರಿಯುವ ಬಫರಿಗೂ ಸ್ಯಾಂಪಲ್ಲಿಗೂ ಅದರ ಪ್ರಮಾಣದಲ್ಲಿ 0.1% ವ್ಯತ್ಯಾಸ ಇದ್ದರೆ ಸಾಕು, ಗೆರೆ 100 ಆರ್‌ಯು ಆಸುಪಾಸು ನೆಗೆಯುತ್ತದೆ. ಅದು ಯಂತ್ರದ ತಪ್ಪಲ್ಲ, ಪಿಪೆಟ್ ಹಿಡಿದವರದ್ದು.

ಎರಡನೇ ಪರೀಕ್ಷೆಗೆ ಕಂಪನಿಯವರ ಮುಖ ಸ್ವಲ್ಪ ಸಣ್ಣದಾಯಿತು. ಇ. ಕೋಲಿ ಲೈಸೇಟ್ (ಒಡೆದ ಬ್ಯಾಕ್ಟೀರಿಯಾದ ರಸ), ಸೆಂಟ್ರಿಫ್ಯೂಜ್ ಮಾಡಿದ್ದು, ಫಿಲ್ಟರ್ ಮಾಡದ್ದು. ಬೇಕಂತಲೇ ಹಾಗೆ ಇಟ್ಟೆವು. ಎಲ್ಲರೂ ಬಳಸುವ ಲ್ಯಾಬಿನಲ್ಲಿ ಯಾರೋ ಒಬ್ಬರು ಶುಕ್ರವಾರ ಸಂಜೆ ಅವಸರದಲ್ಲಿ ಇದನ್ನು ಮಾಡೇ ಮಾಡುತ್ತಾರೆ, ಅಲ್ವಾ? ಎರಡರಲ್ಲೂ ಸಣ್ಣ ಪೈಪು ಕಟ್ಟಿಕೊಂಡು ಪ್ರೆಶರ್ ಏರಿತು. ಮೊದಲನೆಯದರ ಫ್ಲೋ ಸೆಲ್ಲನ್ನು (ಚಿಪ್ಪಿನ ಮೇಲೆ ದ್ರವ ಹರಿಯುವ ಭಾಗ) ನಮ್ಮ ಟೆಕ್ನಿಷಿಯನ್ನೇ ಬಿಚ್ಚಿ, ತೊಳೆದು, ಕೂರಿಸಿದರು. ಚಹಾ ಆರುವಷ್ಟರಲ್ಲಿ ಯಂತ್ರ ಮತ್ತೆ ಓಡಿತು. ಎರಡನೆಯದರ ಒಳಭಾಗ ಮುಟ್ಟುವ ಹಾಗಿಲ್ಲ, ಇಂಜಿನಿಯರೇ ಬರಬೇಕು. ಬೇಸ್‌ಲೈನ್‌ನಲ್ಲಿ ಗೆದ್ದ ಯಂತ್ರ ಇಲ್ಲಿ ಸೋತಿತು. ಒಂದೇ ಗುಂಪು ಬಳಸುವುದಾದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನು ಆರಿಸುತ್ತಿದ್ದೆ. ಹತ್ತಾರು ಕೈ ಬೀಳುವ ಕಡೆ ಹಾಗೆ ಹೇಳೋಕೆ ಧೈರ್ಯ ಬರುತ್ತಿಲ್ಲ.

ಬಿಎಲ್‌ಐ (ಬಯೋಲೇಯರ್ ಇಂಟರ್‌ಫೆರೋಮೆಟ್ರಿ, ಸೆನ್ಸರನ್ನು ಸ್ಯಾಂಪಲ್ಲಿನಲ್ಲೇ ಅದ್ದಿ ಅಳೆಯುವ ಯಂತ್ರ) ತಗೊಳ್ಳಿ, ಅದರಲ್ಲಿ ಕಟ್ಟಿಕೊಳ್ಳೋಕೆ ಪೈಪೇ ಇಲ್ಲವಲ್ಲ ಅಂತ ಕೆಲವರು ಕೇಳಿದರು. ಆಂಟಿಬಾಡಿಯವರಿಗೆ ಸಾಕು. ಸಣ್ಣ ಅಣುಗಳ ಕೆಲಸದವರು ನಮ್ಮಲ್ಲಿ ಜಾಸ್ತಿ, ಅವರಿಗೆ ಸಾಲದು.

ಕೊಟೇಶನ್ ಓದುವುದೂ ಒಂದು ಕಲೆ. 21 ಸಿಎಫ್‌ಆರ್ ಭಾಗ 11 (ಎಲೆಕ್ಟ್ರಾನಿಕ್ ದಾಖಲೆಗಳ ಅಮೆರಿಕದ ನಿಯಮ) ಪ್ರಕಾರದ ಸಾಫ್ಟ್‌ವೇರ್ ಸುಮ್ನೆ ಸೇರಿಸಿದ್ದರು. ಅದು ಅಮೆರಿಕದ ಎಫ್‌ಡಿಎಗೆ ಕಡತ ಕೊಡುವ ಔಷಧ ಕಂಪನಿಗಳಿಗೆ ಬೇಕಾದದ್ದು, ನಮಗೇಕೆ? ತೆಗೆಸಿದೆವು. ಬದಲಿಗೆ ಅನಾಲಿಸಿಸ್ ಲೈಸೆನ್ಸ್ ಜಾಸ್ತಿ ಕೇಳಿದೆವು. ಇಲ್ಲದಿದ್ದರೆ ವಿದ್ಯಾರ್ಥಿಗಳು ಗೆರೆ ಫಿಟ್ ಮಾಡುತ್ತಾ ಯಂತ್ರದ ಕಂಪ್ಯೂಟರ್ ಮುಂದೆಯೇ ಕೂರುತ್ತಾರೆ, ಮುಂದಿನವರ ಬುಕಿಂಗ್ ಹೋಗುತ್ತದೆ. ಚಿಪ್ಪಿನ ಖರ್ಚು ಬಳಸುವವರದ್ದೇ ಅಂತ ತೀರ್ಮಾನವಾಗಿದೆ. ಬೇರೆಯವರು ಮಾಡಿದ ಚಿಪ್ ಕೂರುತ್ತದೆಯೇ ಅನ್ನೋದನ್ನು ಇಬ್ಬರಿಂದಲೂ ಬರವಣಿಗೆಯಲ್ಲಿ ಕೇಳಿದ್ದೇವೆ.

ಮೂರನೇ ಡೆಮೊಗೂ ಇದೇ ಸಿಬಿಎಸ್, ಇದೇ ಲೈಸೇಟ್. ಜೊತೆಗೆ ಒಂದು ರಾತ್ರಿ ಪೂರ್ತಿ ಬರೀ ಬಫರ್ ಓಡಿಸಿ ಬೇಸ್‌ಲೈನ್ ನೋಡುತ್ತೇವೆ. ಆಮೇಲೆ ಟೆಂಡರ್ ಸ್ಪೆಕ್ ಬರೆಯಬೇಕು. ಒಂದೇ ಕಂಪನಿಗೆ ಹೊಂದುವ ಹಾಗೆ ಬರೆದರೆ ಖರೀದಿ ಸಮಿತಿ ಬಿಡುವುದಿಲ್ಲ. ಅದಕ್ಕೆ ಬ್ರೋಷರಿನ ಅಂಕಿ ಬಿಟ್ಟು, ‘ನಮ್ಮ ಕೋಣೆಯಲ್ಲಿ, ಎಸಿ ಓಡುತ್ತಿರುವಾಗ ಅಳೆದು ತೋರಿಸಬೇಕು’ ಅನ್ನುವ ಸಾಲನ್ನು ಮೊದಲೇ ಬರೆದಿಟ್ಟಿದ್ದೇನೆ.